ದೊಡ್ಡಬೋಗಿಯ ಬುಡದ ಕುಟ್ಟು

ಕಾಡಿಗೆ ಕಿವಿಗೊಟ್ಟು ಕೂರುವುದೇ ಒಂದು ಉದ್ಯೋಗ, ಅದಕ್ಕೆ ಸಂಬಳ ಬೇರೆ ಎಂದು ಹಿಂದೆ ಯಾರಾದರೂ ಹೇಳಿದ್ದರೆ ವಾರಿಜ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ನೋಡಿದರೆ ಅವಳ ಅನ್ನವೇ ಅದು. ಘಟ್ಟದ ಬುಡದ ಬೋಗಿಪಲ್ಕೆಯಲ್ಲಿ, ಮಕ್ಕಳಿಲ್ಲದೆ ಮುಚ್ಚಿಹೋಗಿದ್ದ ಶಾಲೆಯ ಕಟ್ಟಡಕ್ಕೆ ಸಂಶೋಧನಾ ಕೇಂದ್ರದವರು ಪರದೆ, ತಂತಿ, ಪೆಟ್ಟಿಗೆಗಳನ್ನು ತಂದು ತುಂಬಿದ್ದರು. ಹಿಂದೆ ಮಗ್ಗಿ ಕೇಳುತ್ತಿದ್ದ ಕೋಣೆಯಲ್ಲಿ ಈಗ ವಾರಿಜ ಹೆಡ್‌ಫೋನ್ ಹಾಕಿಕೊಂಡು ನೆಲದೊಳಗಿನ ಸದ್ದು ಕೇಳುತ್ತಾಳೆ.

ವಿಷಯ ದೊಡ್ಡದೇನಲ್ಲ. ಹಳೇ ಕಾಡಿನಲ್ಲಿ ಯಾವ ಮರವೂ ಒಂಟಿಯಲ್ಲ. ಒಂದರ ಬೇರಿನಿಂದ ಇನ್ನೊಂದರ ಬೇರಿಗೆ ಅಣಬೆಯ ಬಿಳಿ ಎಳೆಗಳು ಹೊಲಿಗೆ ಹಾಕಿದ ಹಾಗೆ ಹಬ್ಬಿಕೊಂಡಿರುತ್ತವೆ. ನಾವು ಕಿತ್ತು ತಿನ್ನುವ ಅಣಬೆ ಅದರ ಕಾಯಿ ಅಷ್ಟೆ, ಗಿಡವೆಲ್ಲ ನೆಲದೊಳಗೆ. ಆ ಎಳೆಗಳ ಉದ್ದಕ್ಕೂ ಸಣ್ಣ ಸಣ್ಣ ವಿದ್ಯುತ್ ಮಿಡಿತಗಳು ಓಡಾಡುತ್ತವೆ. ಗೇಣುದ್ದದ ಸರಳುಗಳನ್ನು ಮಣ್ಣಿಗೆ ಊರಿ, ಆ ಮಿಡಿತಗಳನ್ನು ಹಿಡಿದು, ಮನುಷ್ಯರ ಕಿವಿಗೆ ಕೇಳುವಂತೆ ಮಾಡುವ ಉಪಕರಣಕ್ಕೆ ಊರವರೇ ನೆಲಗಿವಿ ಎಂದು ಹೆಸರಿಟ್ಟರು. ಪಕ್ಕದ ಬೋಳುಗುಡ್ಡದಲ್ಲಿ ನೆಟ್ಟ ಸಸಿಗಳೆಲ್ಲ ಸಾಯುತ್ತಿದ್ದವು. ಈ ಎಳೆಗಳ ಭಾಷೆ ಕಲಿತು, ‘ಇತ್ತ ಬಾ, ಇಲ್ಲಿ ಬೇರುಗಳಿವೆ’ ಎಂದು ಅವುಗಳಿಗೆ ಹೇಳಿಕೊಟ್ಟರೆ ಗುಡ್ಡವೂ ಹಸಿರಾದೀತು ಎಂಬುದು ಕೇಂದ್ರದ ಆಸೆ.

ಊರವರಿಗೆ ಗುಡ್ಡದ ಚಿಂತೆ ಯಾಕೆ? ಅವರಿಗೆ ಕಲ್ಲಣಬೆಯ ಚಿಂತೆ. ಮೊದಲ ಗುಡುಗಿಗೆ ಬೋಗಿ ಮರಗಳ ಬುಡದಲ್ಲಿ, ದರಗೆಲೆಯ ಅಡಿಯಲ್ಲಿ, ಗೋಲಿಗುಂಡಿನ ಹಾಗೆ ಅಡಗಿ ಕೂರುವ ಅಣಬೆ ಅದು. ಕಣ್ಣಿಗೆ ಬೀಳುವುದಿಲ್ಲ, ಕೋಲಿನಿಂದ ಕೆದಕಿ ಹುಡುಕಬೇಕು. ಎಲ್ಲಿ ಏಳುತ್ತದೆ ಎಂದು ನೆಲಗಿವಿ ಹಿಂದಿನ ದಿನವೇ ಹೇಳಿಬಿಡುತ್ತದೆಂದು ಗೊತ್ತಾದದ್ದೇ ತಡ, ಮನೆಮನೆಯ ಮೊಬೈಲಿಗೂ ಕೇಂದ್ರದ ನಕ್ಷೆ ಬಂತು. ಕೆಂಪು ಚುಕ್ಕೆ ಇದ್ದಲ್ಲಿಗೆ ಹೋಗುವುದು, ಬುಟ್ಟಿ ತುಂಬುವುದು. ಅಜ್ಜಿಯಂದಿರ ಕಾಲದ ಕೋಲುಗಳು ಅಟ್ಟ ಸೇರಿದವು. ಒಬ್ಬಳು ಮಾತ್ರ ಕೋಲು ಬಿಡಲಿಲ್ಲ. ಅವಳು ವಾರಿಜಳ ತಾಯಿ ಅಪ್ಪಿ.

“ನೆಲಕ್ಕೆ ಕಿವಿ ಉಂಟು ಅಂತ ನಿಮ್ಮ ಮಿಷನ್ನು ಹೇಳ್ಬೇಕಾ? ಅದು ನನಗೆ ಹುಟ್ಟುವಾಗಲೇ ಗೊತ್ತುಂಟು” ಎನ್ನುತ್ತಿದ್ದಳು ಮುದುಕಿ.

ಆ ವರ್ಷದ ಮೊದಲ ಗುಡುಗು ಕಳೆದ ಮಾರನೆಯ ಮಧ್ಯಾಹ್ನ, ಚಾ ಕುಡಿಯುತ್ತ ಕೇಳುತ್ತಿದ್ದ ವಾರಿಜಳ ಕೈಯಲ್ಲಿ ಲೋಟ ಹಾಗೇ ನಿಂತಿತು. ದಿನವೂ ಕೇಳುವ ಸದ್ದುಗಳು ಅವಳಿಗೆ ಗೊತ್ತು. ಮಳೆನೀರು ಇಳಿದರೆ ಎಣ್ಣೆಗೆ ಸಾಸಿವೆ ಹಾಕಿದ ಸದ್ದು, ಬೇರು ಸತ್ತರೆ ಉದ್ದಕ್ಕೆ ಎಳೆದ ಗೊರಕೆ. ಇದು ಅದ್ಯಾವುದೂ ಅಲ್ಲ. ಕಾಡಿನಲ್ಲೇ ಎಲ್ಲಕ್ಕಿಂತ ಹಳೆಯ ಮರವಾದ ದೊಡ್ಡಬೋಗಿಯ ಬುಡದ ಸರಳಿನಿಂದ ಬರುತ್ತಿತ್ತು.

ಟಕ್‌ಟಕ್. ಸ್ವಲ್ಪ ಬಿಟ್ಟು, ಟಕ್.

ಅದು ಅವಳ ಮನೆಯ ಕುಟ್ಟು.

ಕುಟ್ಟು ಎಂದರೇನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬೋಗಿಪಲ್ಕೆಯ ಹೆಂಗಸರಿಗೆ ಅವರವರ ಅಣಬೆಯ ಜಾಗ ಅವರವರ ಗುಟ್ಟು. ತಾಯಿ ಮಗಳಿಗೆ ತೋರಿಸಬೇಕು, ಸೊಸೆಗೂ ತೋರಿಸುವುದಿಲ್ಲ. ಹಾಗಾಗಿ ಕಾಡಿನೊಳಗೆ ಯಾರೂ ಬಾಯಿ ಬಿಟ್ಟು ಕೂಗುವಂತಿಲ್ಲ. ಕೂಗಿದರೆ ಜಾಗ ಬಯಲಾಯಿತಲ್ಲ! ಜೊತೆಗೆ ಬಂದವರು ಸುಖವಾಗಿದ್ದಾರೆಂದು ತಿಳಿಯುವುದು ಹೇಗೆ? ಹಲಗೆಯ ಹಾಗೆ ಎದ್ದುನಿಂತ ಬೋಗಿ ಬೇರಿಗೆ ಕೋಲಿನಿಂದ ಕುಟ್ಟಬೇಕು. ಆ ಸದ್ದು ಬೇರಿನಿಂದ ಬೇರಿಗೆ ಹರಿದು ಎಲ್ಲ ಕಡೆಯಿಂದಲೂ ಬಂದಂತೆ ಕೇಳುತ್ತದೆ, ದಿಕ್ಕು ಸಿಕ್ಕುವುದಿಲ್ಲ. ಒಂದೊಂದು ಮನೆಗೆ ಒಂದೊಂದು ಕುಟ್ಟು. ಅರ್ಥ ಮಾತ್ರ ಎಲ್ಲರದ್ದೂ ಒಂದೇ: ‘ಇದ್ದೇನೆ.’ ಕೇಳಿಸಿಕೊಂಡವರು ಅದನ್ನೇ ತಿರುಗಿ ಕುಟ್ಟಬೇಕು. ಕುಟ್ಟಿಗೆ ಉತ್ತರ ಕೊಡದಿದ್ದರೆ ಅದರಂಥ ಪಾಪ ಇನ್ನೊಂದಿಲ್ಲ.

ಅಮ್ಮ ಕಾಡಿಗೆ ಹೋಗಿರಬೇಕು ಎಂದುಕೊಳ್ಳೋಣವೆಂದರೆ, ಅವಳು ಮೊಣಕಾಲು ಊದಿಸಿಕೊಂಡು ಮನೆಯಲ್ಲಿ ಬಿದ್ದಿದ್ದಳು. ಅದೂ ಅಲ್ಲದೆ ಆ ಕೊನೆಯ ಪೆಟ್ಟು! ಅದು ಸರಿಯಾದ ಹೊತ್ತಿಗೆ ಬೀಳದೆ, ಸ್ವಲ್ಪ ತಡೆದು, ಎಳೆದುಕೊಂಡು ಬೀಳುತ್ತಿತ್ತು. ಚಿಕ್ಕಂದಿನಲ್ಲಿ ಪೇರಳೆ ಮರದಿಂದ ಬಿದ್ದು ಮಣಿಕಟ್ಟು ಸೊಟ್ಟ ಮಾಡಿಕೊಂಡವರ ಕೈಯಿಂದ ಮಾತ್ರ ಹಾಗೆ ಬೀಳಲು ಸಾಧ್ಯ. ಅಂಥ ಕೈ ಇದ್ದದ್ದು ಅವಳ ಅಕ್ಕನಿಗೆ, ಕುಸುಮಕ್ಕನಿಗೆ. ಕುಸುಮಕ್ಕ ಇದೇ ಕಾಡಿನಲ್ಲಿ ಅಣಬೆ ಹೆಕ್ಕಲು ಹೋಗಿ ಕಾಣೆಯಾಗಿ ಒಂಬತ್ತು ವರ್ಷವಾಗಿತ್ತು.

ವಾರಿಜ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು. ಮೇಜಿನ ಮೇಲಿನಿಂದಲೂ ಅದು ಕುಟ್ಟುತ್ತಲೇ ಇತ್ತು.

ಸಂಜೆ ಮನೆಗೆ ಹೋದಾಗ ಅಪ್ಪಿ ಅಡುಗೆಮನೆಯ ನೆಲದಲ್ಲಿ ಕಾಲು ಚಾಚಿ ಕೂತು, ನೆರೆಮನೆಯವರು ಕೊಟ್ಟ ಕಲ್ಲಣಬೆಯನ್ನು ಮೆಟ್ಟುಕತ್ತಿಯಲ್ಲಿ ಸೀಳುತ್ತಿದ್ದಳು. ಒಳಗೆ ಬೆಳ್ಳಗಿದ್ದರೆ ಎಳೆಯದು, ಸಾರಿಗೆ. ಕಪ್ಪಾಗಿದ್ದರೆ ಬಲಿತದ್ದು, ಬೋಗಿ ಮರದ ಬುಡಕ್ಕೆ ವಾಪಸ್. ಅಣಬೆಯ ಯಾವುದನ್ನೂ ಅಂಗಳಕ್ಕೆ ಚೆಲ್ಲುವ ಪದ್ಧತಿ ಆ ಮನೆಯಲ್ಲಿಲ್ಲ. ಮನೆ ಕಟ್ಟುವಾಗ ಕಡಿಯದೆ ಉಳಿಸಿದ ಬೋಗಿ ಮರವೊಂದು ಹಿತ್ತಿಲಿನಲ್ಲೇ ನಿಂತಿತ್ತು, ಅದರ ಬೇರು ಅಡುಗೆಮನೆಯ ಅಡಿಗೂ ಬಂದಿತ್ತು.

“ಅಮ್ಮ, ಕುಸುಮಕ್ಕ ಹೋದ ದಿನ ನೀನು ಅವಳ ಕುಟ್ಟು ಕೇಳಿದ್ದಿಯಾ?” ಎಂದು ವಾರಿಜ ಕೇಳಿದಳು. ಆಗ ಅವಳು ಮಂಗಳೂರಿನ ಹಾಸ್ಟೆಲಿನಲ್ಲಿದ್ದಳು. ಮನೆಯಲ್ಲಿ ಆಮೇಲೆ ಆ ಮಾತು ಎತ್ತುವವರೇ ಇರಲಿಲ್ಲ.

ಕತ್ತಿಯ ಮೇಲಿನ ಕೈ ನಿಂತಿತು. “ಕೇಳದೆ ಎಂತ? ಮಧ್ಯಾಹ್ನ ಇಡೀ ಕುಟ್ಟಿದ್ದಾಳೆ. ನಾನೂ ಕುಟ್ಟಿದ್ದೇನೆ. ಇವತ್ತು ಒಳ್ಳೆ ಬೆಳೆ ಸಿಕ್ಕಿರ್ಬೇಕು, ಅದಕ್ಕೇ ಇಷ್ಟು ಸಂತೋಷ ಅಂತ ಗ್ರಹಿಸಿದೆ. ಮಾರನೇ ದಿನವೂ ಕುಟ್ಟು ಬಂತು ಮಗಾ. ಕಾಡಿಗೆ ಹೋಗುವ ಹಿಂದಿನ ದಿನ ಮದುವೆ ವಿಷಯಕ್ಕೆ ನನ್ನೊಟ್ಟಿಗೆ ಜಗಳ ಮಾಡಿದ್ದಳಲ್ಲ, ಕೋಪದಲ್ಲಿ ಆಚೆ ಊರಿನ ಚಿಕ್ಕಮ್ಮನ ಮನೆಯಲ್ಲಿ ಮಲಗಿ ಪುನಃ ಕಾಡಿಗೆ ಬಂದಿದ್ದಾಳೆ, ಕೋಪ ಇಳಿದ ಮೇಲೆ ಬರ್ತಾಳೆ ಅಂತ ನಾನು ಉತ್ತರ ಕೊಟ್ಟು ಮನೆಗೆ ಬಂದೆ. ಆಮೇಲೆ ಎಂತ, ಕಲ್ಲಿನ ಲಾರಿಯವನೊಟ್ಟಿಗೆ ಓಡಿದ್ದಾಳೆ ಅಂತ ಊರೇ ಹೇಳಿತು.”

“ನೀನು ನಂಬಿದ್ದಿಯಾ?”

“ಇದ್ದೇನೆ ಅಂತ ಹೇಳಿಯೇ ಹೋದದ್ದಲ್ಲವಾ ಅವಳು? ಎಲ್ಲಿಯಾದ್ರೂ ಇದ್ದಾಳೆ. ಹಾಳಾಗಿ ಹೋಗ್ಲಿ, ಸುಖವಾಗಿರ್ಲಿ.” ಅಪ್ಪಿ ಸೀಳಿದ ಅಣಬೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಕಪ್ಪಗಿತ್ತು. ಪಕ್ಕಕ್ಕಿಟ್ಟಳು.

ವಾರಿಜ ತಾನು ಕೇಳಿದ್ದನ್ನು ಹೇಳದೆ, ಬೆಳ್ಳಗಿನ ಅಣಬೆಗಳನ್ನು ಸಾರಿಗೆ ತೊಳೆಯತೊಡಗಿದಳು.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಸುವರ್ಣಾ ಕಮ್ಮಾರ ಗದಗಿನ ಕಡೆಯವಳು. ಬಿಸಿಲು ನಾಡಿನಿಂದ ಬಂದು ಈ ಕತ್ತಲೆ ಕಾಡಿಗೆ ಮನಸೋತವಳು. ಮಾತು ಜೋರು, ಮನಸ್ಸು ಮೆತ್ತಗೆ. ಮರುದಿನ ಅವಳೇ ಆ ಸದ್ದನ್ನು ಕೇಳಿ ಕುಣಿದಾಡಿಬಿಟ್ಟಳು.

“ಏ ವಾರಿಜಾ, ಬಾ ಇಲ್ಲೆ! ಮರಕುಟಿಗ ಅಂತ ಮಾಡಿದ್ದೆ ನಾ. ಅಲ್ಲವ್ವಾ, ಇದು ನೆಲದಾಗಿಂದನ ಬರಾಕತ್ತೈತಿ. ನಮ್ಮ ಗಾಜಿನ ತಟ್ಟಿ ನೆನಪೈತಿಲ್ಲೋ?”

ನೆನಪಿತ್ತು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಎಳೆಗಳಿಗೆ ಸಕ್ಕರೆ ನೀರು ಹಾಕುವ ಮೊದಲು ಸುವರ್ಣಾ ಪ್ರತಿ ಸಲವೂ ತಟ್ಟೆಯನ್ನು ಬೆರಳಿನಿಂದ ಬಡಿಯುತ್ತಿದ್ದಳು. ಕೆಲವು ವಾರಗಳ ನಂತರ ಯಾರೂ ಬಡಿಯದಿದ್ದರೂ ಎಳೆಗಳು ತಾವಾಗಿಯೇ ಆ ಬಡಿತವನ್ನು ಮಿಡಿಯತೊಡಗಿದವು.

“ಅದಕ್ಕ ಬುದ್ಧಿ ಅಂತ ಏನಿಲ್ಲ. ರೂಢಿ ಐತಿ. ಯಾವ ಸಪ್ಪಳದ ಹಿಂದ ಊಟ ಬಂತೋ, ಹಸಿವಾದಾಗ ಆ ಸಪ್ಪಳಾನ ಮತ್ತ ಮತ್ತ ಮಾಡತೈತಿ. ಈ ಕುಟ್ಟಿನ ಹಿಂದ ಒಮ್ಮೆ ಭಾಳ ದೊಡ್ಡ ಊಟ ಸಿಕ್ಕಿರಬೇಕು ನೋಡು. ಆನೆ ಸತ್ತಿತ್ತೋ, ಕಾಡುಕೋಣ ಸತ್ತಿತ್ತೋ...” ಎಂದು ಹೇಳುತ್ತ ಹೋದ ಸುವರ್ಣಾ, ವಾರಿಜಳ ಮುಖ ನೋಡಿ ತಟ್ಟನೆ ನಿಲ್ಲಿಸಿದಳು. “ಯಾಕ? ಏನಾತು?”

ವಾರಿಜ ಎಲ್ಲವನ್ನೂ ಹೇಳಿದಳು. ಮಣಿಕಟ್ಟಿನ ವಿಷಯವನ್ನೂ ಹೇಳಿದಳು. ಸುವರ್ಣಾ ಕುರ್ಚಿಯಲ್ಲಿ ಕುಸಿದು ಕೂತಳು.

“ನಾ ತಪ್ಪು ಮಾಡೀನಿ ವಾರಿಜಾ. ಮುಂಜಾನೆ ಆ ಕುಟ್ಟನ್ನ ಸರಳಿನಾಗಿಂದ ತಿರುಗಿ ಕಳಿಸೀನಿ. ಏನ್ ಮಾಡತೈತಿ ನೋಡೋಣು ಅಂತ.”

ಅದು ಏನು ಮಾಡಿತ್ತೆಂದು ಪರದೆಯೇ ತೋರಿಸುತ್ತಿತ್ತು. ನಕ್ಷೆಯಲ್ಲಿ ಅಲ್ಲೊಂದು ಇಲ್ಲೊಂದು ಇರಬೇಕಾದ ಕೆಂಪು ಚುಕ್ಕೆಗಳು ಊರಿನ ಅಂಚಿನಿಂದ ದೊಡ್ಡಬೋಗಿಯವರೆಗೆ ಒಂದೇ ಸಾಲಾಗಿ ಎದ್ದಿದ್ದವು. ಯಾರೋ ಕೈಹಿಡಿದು ಕರೆದುಕೊಂಡು ಹೋಗುವ ದಾರಿಯ ಹಾಗಿತ್ತು. ಕಾಡಿನ ಅಣಬೆಯೆಲ್ಲ ಆ ಒಂದು ಗೆರೆಯ ಮೇಲಿತ್ತು. ಗೆರೆ ಎಲ್ಲಿ ಮುಗಿಯುತ್ತದೆ ಎಂದು ವಾರಿಜ ಹಳೇ ನಕ್ಷೆಯನ್ನು ಅದರ ಮೇಲೆ ಹಾಕಿ ನೋಡಿದಳು. ದೊಡ್ಡಬೋಗಿಯ ಹಿಂಬದಿಯಲ್ಲಿ, ಗೋಡೆ ಕಟ್ಟುವ ಮುರಕಲ್ಲು ಕಡಿದು ಬಿಟ್ಟುಹೋದ ಗುಂಡಿಯೊಂದರ ಗುರುತು ಇತ್ತು. ಈಗಿನವರಿಗೆ ಯಾರಿಗೂ ಅದು ನೆನಪಿರಲಿಲ್ಲ.

“ನಕ್ಷೆ ಬಂದ್ ಮಾಡು! ಯಾರೂ ಅತ್ತ ಹೋಗಬಾರದು!” ಎಂದು ಸುವರ್ಣಾ ಕೂಗಿದಳು. ಊರಿನ ಎಲ್ಲ ಮೊಬೈಲುಗಳಲ್ಲೂ ಚುಕ್ಕೆಗಳು ಆರಿದವು. ಆದರೆ ಅಪ್ಪಿಗೆ ಮೊಬೈಲೇ ಇರಲಿಲ್ಲ.

ವಾರಿಜ ಓಡಿದಳು. ಮನೆ ಬಾಗಿಲು ಹಾರುಹೊಡೆದಿತ್ತು. ಒಲೆ ಆರಿತ್ತು. ಗೋಡೆಗೆ ಒರಗಿಸಿಡುತ್ತಿದ್ದ ಕೋಲೂ ಇಲ್ಲ, ಬುಟ್ಟಿಯೂ ಇಲ್ಲ. ನಿನ್ನೆ ಕುಸುಮಕ್ಕನ ಕುಟ್ಟಿನ ಮಾತು ಎತ್ತಿದವಳು ತಾನೇ, ಊದಿದ ಕಾಲಿನ ಮುದುಕಿ ಹೋಗಿದ್ದು ಎಲ್ಲಿಗೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಕಾಡಿನೊಳಗೆ ಹಾಡುಹಗಲೇ ಮಬ್ಬು. ಬೋಗಿ ಮರಗಳು ಆಕಾಶವನ್ನು ಮುಚ್ಚಿಕೊಂಡು ನಿಂತಿದ್ದವು. ಒಂದು ಹಕ್ಕಿಯ ಸ್ವರವಿಲ್ಲ, ಸೊಳ್ಳೆಯ ಗುಂಯ್‌ಗುಟ್ಟುವಿಕೆಯಿಲ್ಲ. ಕಾಲಡಿಯಲ್ಲಿ ಮಾತ್ರ ಕಲ್ಲಣಬೆಗಳು, ದರಗೆಲೆಯನ್ನು ತಲೆಯಿಂದ ತಳ್ಳಿಕೊಂಡು ಮೇಲೆ ಬಂದು ಸಾಲಾಗಿ ಕೂತಿದ್ದವು. ಅಡಗಿ ಕೂರುವುದೇ ಅವುಗಳ ಗುಣ. ಹೀಗೆ ಮುಖ ತೋರಿಸಿದ್ದನ್ನು ವಾರಿಜ ಹುಟ್ಟಿದಂದಿನಿಂದ ಕಂಡಿರಲಿಲ್ಲ. ಅಮ್ಮ ಹೆಕ್ಕಿದ ಗುರುತು ಮೊದಮೊದಲು ಇತ್ತು. ಮುಂದೆ ಹೋದಂತೆ ಅದೂ ಇಲ್ಲ. ಅಣಬೆ ಬಿಟ್ಟು ಅವಳು ಬೇರೇನನ್ನೋ ಹುಡುಕಿಕೊಂಡು ಹೋಗಿದ್ದಳು.

ಟಕ್‌ಟಕ್. ಟಕ್.

ಈ ಸಲ ಹೆಡ್‌ಫೋನ್ ಬೇಕಾಗಲಿಲ್ಲ. ಬರಿ ಕಿವಿಗೇ ಕೇಳಿಸಿತು. ದೊಡ್ಡಬೋಗಿಯ ಪೊಳ್ಳು ಬೇರುಗಳೊಳಗೆ ಎಳೆಗಳು ಸೆಟೆದು ಒಣಮರಕ್ಕೆ ಬಡಿಯುತ್ತಿರಬಹುದು ಎಂದು ಸುವರ್ಣಾ ಆಮೇಲೆ ಹೇಳಿದಳು. ಆ ಕ್ಷಣಕ್ಕೆ ಅಂಥ ವಿವರಣೆ ಯಾರಿಗೆ ಬೇಕಿತ್ತು? ಕುಸುಮಕ್ಕ ಕರೆಯುತ್ತಿದ್ದಳು, ಅಷ್ಟೆ.

ಅಪ್ಪಿ ದೊಡ್ಡಬೋಗಿಯ ಹಿಂಬದಿಯಲ್ಲಿ ನಿಂತಿದ್ದಳು. ಅವಳ ಮುಂದೆ ಗುಡಿಸಿದಂತೆ ಸಪಾಟಾಗಿದ್ದ ನೆಲ, ಅದರ ತುಂಬ ದರಗೆಲೆ, ನಡುವೆ ಒಂದೇ ಒಂದು ದೊಡ್ಡ ಅಣಬೆ. ಮುದುಕಿ ಬೇರಿಗೆ ಕುಟ್ಟಿದಳು. ಉತ್ತರ ಬಂತು. ಅವಳ ಮುಖ ಅರಳಿತು. ಕಾಲೆತ್ತಿದಳು.

ವಾರಿಜ ಕೂಗಲು ಬಾಯಿ ತೆರೆದಳು. ಸ್ವರ ಹೊರಡಲಿಲ್ಲ. ಗ್ರಹಚಾರ ನೋಡಿ, ಕಾಡಿನೊಳಗೆ ಕೂಗಬಾರದೆಂದು ಎಳವೆಯಲ್ಲೇ ತುಟಿಗೆ ಹೊಡೆದು ಕಲಿಸಿದ್ದು ಗಂಟಲನ್ನು ಕಚ್ಚಿ ಹಿಡಿದಿತ್ತು. ಕೈಗೆ ಸಿಕ್ಕಿದ ಕೊಂಬೆಯೊಂದನ್ನು ಎತ್ತಿ ಪಕ್ಕದ ಮರಕ್ಕೆ ಕುಟ್ಟಿದಳು. ಟಕ್‌ಟಕ್. ಟಕ್. ಕೊನೆಯ ಪೆಟ್ಟು ನೇರ, ಗಟ್ಟಿ.

ಅಪ್ಪಿ ತಬ್ಬಿಬ್ಬಾದಳು. ಮುಂದಿನಿಂದ ಒಬ್ಬ ಮಗಳು, ಹಿಂದಿನಿಂದ ಇನ್ನೊಬ್ಬಳು. ಎತ್ತಿದ ಕಾಲು ಅಲ್ಲೇ ಊರಿ ತಿರುಗಿದಳು. ಅಷ್ಟರೊಳಗೆ ವಾರಿಜ ಓಡಿಬಂದು ಅವಳನ್ನು ತಬ್ಬಿ ಹಿಂದಕ್ಕೆಳೆದಳು.

“ಬಿಡು ಮಗಾ, ಕುಸುಮ ಅಲ್ಲಿ ಇದ್ದಾಳೆ, ಬಿಡು!”

ವಾರಿಜ ಮಾತಾಡದೆ ಒಂದು ಕಲ್ಲನ್ನೆತ್ತಿ ಆ ಸಪಾಟು ನೆಲದ ಮೇಲೆ ಎಸೆದಳು. ನೆಲ ಬಟ್ಟೆಯ ಹಾಗೆ ಹರಿಯಿತು. ದರಗೆಲೆಗಳನ್ನೆಲ್ಲ ಬಿಳಿ ಎಳೆಗಳು ಒಂದಕ್ಕೊಂದು ಹೊಲಿದು ಚಾಪೆ ಮಾಡಿ, ಗುಂಡಿಯ ಬಾಯಿಗೆ ಹೊದೆಸಿದ್ದವು. ಕಲ್ಲು ಕೆಳಗೆ ಬಿದ್ದ ಸದ್ದು ಎಷ್ಟೋ ಹೊತ್ತಿನ ಮೇಲೆ ಕೇಳಿಸಿದಂತಾಯಿತು. ಒಳಗೆ ಬೆಳಕು ಬಿದ್ದಾಗ ತಳವೆಲ್ಲ ಬೆಳ್ಳಗೆ, ಹತ್ತಿ ಹಾಸಿದಂತಿತ್ತು. ಆ ಬಿಳುಪಿನ ಅಂಚಿನಲ್ಲಿ ಗುಂಡಿಯೊಳಕ್ಕೆ ಇಳಿದಿದ್ದ ಬೇರೊಂದಕ್ಕೆ ಒರಗಿ ಯಾರೋ ಕೂತಿದ್ದರು. ಕೂತಂತೆಯೇ ಬೆಳ್ಳಗಾಗಿದ್ದರು. ಮಡಿಲಲ್ಲಿ ಕೋಲಿತ್ತು.

ಅಪ್ಪಿ ಅಳಲಿಲ್ಲ. ಗುಂಡಿಯ ಅಂಚಿನಲ್ಲಿ ಕೂತು ಕೆಳಗೆ ನೋಡಿದಳು. ಆಮೇಲೆ ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದಳು: “ಅವಳು ಇದ್ದೇನೆ ಅಂದಳು. ನಾನೂ ಇದ್ದೇನೆ ಅಂದೆ. ಎರಡು ದಿನ ಅಂದೆ. ಆಮೇಲೆ ಮನೆಗೆ ಹೋಗಿ ಸಾರು ಮಾಡಿ ಉಂಡೆ.”

ಬಾ ಎನ್ನಲು ಆ ಕಾಡಿನಲ್ಲಿ ಕುಟ್ಟೇ ಇರಲಿಲ್ಲವಲ್ಲ! ಯಾರನ್ನೂ ತನ್ನ ಜಾಗಕ್ಕೆ ಕರೆಯಬಾರದೆಂದು ಎಷ್ಟೋ ತಲೆಮಾರಿನ ಹೆಂಗಸರು ಸೇರಿ ಕಟ್ಟಿದ ಪದ್ಧತಿ. ಅದರೊಳಗೆ ಕುಸುಮ ಹೇಳಲು ಸಾಧ್ಯವಿದ್ದದ್ದು ಅದೊಂದೇ ಮಾತು.

ಪೊಲೀಸರು ಬಂದರು, ಹಗ್ಗ ಇಳಿಸಿದರು. ಸೊಟ್ಟ ಮಣಿಕಟ್ಟಿನ ಮೂಳೆ ನೋಡಿ ಗುರುತು ಹಿಡಿದದ್ದಾಯಿತು. ಸುಟ್ಟು ಬೂದಿ ಮಾಡಿದ್ದೂ ಆಯಿತು. ಲಾರಿಯವನ ಕಥೆ ಕಟ್ಟಿದವರೆಲ್ಲ ಅಂಗಳದಲ್ಲಿ ತಲೆ ತಗ್ಗಿಸಿ ನಿಂತು ಚಾ ಕುಡಿದು ಹೋದರು. ಗುಂಡಿಗೆ ಬೇಲಿ ಬಂತು. ಸುವರ್ಣಾ ಮನೆಯವರೆಗೆ ಬಂದು ಅಪ್ಪಿಯ ಕೈ ಹಿಡಿದುಕೊಂಡಳು.

“ಯಮ್ಮಾ, ಒಂದ ಮಾತು. ಆ ಕುಟ್ಟು ಇನ್ನೂ ಸ್ವಲ್ಪ ದಿನ ಕೇಳತೈತಿ. ಅದು ನಿಮ್ಮ ಮಗಳಲ್ಲ. ಉತ್ತರ ಕೊಡಬ್ಯಾಡ್ರಿ, ಏನೂ ಹಾಕಬ್ಯಾಡ್ರಿ. ಊಟ ಸಿಗಲಿಲ್ಲ ಅಂದ್ರ ತಾನ ಮರೀತೈತಿ.”

“ಆಯ್ತು ಮಗಾ” ಎಂದಳು ಅಪ್ಪಿ. ಅಷ್ಟು ಸುಲಭಕ್ಕೆ ಒಪ್ಪುವ ಮುದುಕಿಯೇ ಅವಳು? ವಾರಿಜಳಿಗೆ ಆಗಲೇ ಅನುಮಾನ ಬರಬೇಕಿತ್ತು.

ಆಟಿ ತಿಂಗಳು ಬಂತು. ಆ ಕಡೆ ಆಟಿಯಲ್ಲಿ ತೀರಿಹೋದವರಿಗೆ ಬಡಿಸುವ ಪದ್ಧತಿಯಿದೆ. ಅವರಿಗೆ ಇಷ್ಟವಾದದ್ದನ್ನು ಎಲೆಯ ಮೇಲಿಟ್ಟು, ಬಾಗಿಲು ಎಳೆದುಕೊಂಡು, ಮನೆಯವರು ಹೊರಗೆ ಕೂರಬೇಕು. ಅಪ್ಪಿ ದಿನವೂ ಒಂದು ಬುತ್ತಿ ಕಟ್ಟಿಕೊಂಡು ಕೋಲೂರಿಕೊಂಡು ಎಲ್ಲೋ ಹೋಗಿಬರುತ್ತಿದ್ದಳು. ಕೇಳಿದರೆ, “ಕಾಲು ಆಡಿಸದಿದ್ರೆ ಹಿಡಿದುಕೊಳ್ತದೆ” ಎನ್ನುತ್ತಿದ್ದಳು. ವಾರಿಜಳಿಗೆ ಗೊತ್ತಿತ್ತು. ಗೊತ್ತಿಲ್ಲದಂತೆ ಇದ್ದಳು. ಒಂಬತ್ತು ವರ್ಷ ಬಡಿಸದೆ ಬಿಟ್ಟ ಮಗಳಿಗೆ ಒಬ್ಬ ತಾಯಿ ಅನ್ನ ಒಯ್ಯುವಾಗ ಯಾವ ಬಾಯಲ್ಲಿ ಬೇಡವೆನ್ನುವುದು?

ದೊಡ್ಡಬೋಗಿಯ ಬುಡದ ಹಳೇ ಕುಟ್ಟು ನಿಜವಾಗಿಯೂ ಸಣ್ಣದಾಗುತ್ತ ಹೋಯಿತು. ಸುವರ್ಣಾ ನಿಟ್ಟುಸಿರು ಬಿಟ್ಟಳು. ಆದರೆ ಒಂದು ಬೆಳಿಗ್ಗೆ ವಾರಿಜ ಹೆಡ್‌ಫೋನ್ ಹಾಕಿದಾಗ ಬೇರೆಯೇ ಕುಟ್ಟೊಂದು ಕೇಳಿಸಿತು. ಟಕ್‌ಟಕ್‌ಟಕ್‌ಟಕ್, ಒಂದೇ ಉಸಿರಿಗೆ, ಅವಸರದಲ್ಲಿ ಓಡಿಬರುವವರ ಹೆಜ್ಜೆಯ ಹಾಗೆ. ಬೋಗಿಪಲ್ಕೆಯ ಯಾವ ಮನೆಯದ್ದೂ ಅಲ್ಲ. ಕೊನೆಯ ಪೆಟ್ಟು ಮಾತ್ರ ಸ್ವಲ್ಪ ತಡೆದು, ಎಳೆದುಕೊಂಡು ಬೀಳುತ್ತಿತ್ತು.

“ಇದೆಲ್ಲಿಂದ ಬಂತವಾ?” ಸುವರ್ಣಾ ಪರದೆಗೆ ಮುಖವಿಟ್ಟಳು. “ಯಾರ ಕಲಿಸಿದ್ರು ಇದಕ್ಕ?”

ವಾರಿಜ ಅಮ್ಮನ ಬುತ್ತಿಯನ್ನು ನೆನೆದು ಹೆಡ್‌ಫೋನ್ ಕೆಳಗಿಟ್ಟಳು. ಮರುದಿನ ಅದು ದೊಡ್ಡಬೋಗಿಯಲ್ಲಿರಲಿಲ್ಲ, ಅದರ ಈಚೆಗಿನ ಸರಳಿನಲ್ಲಿತ್ತು. ಆಮೇಲೆ ಅದಕ್ಕೂ ಈಚೆಗಿನದರಲ್ಲಿ. ಸುವರ್ಣಾ ಗೆರೆ ಎಳೆದು ನೋಡಿದಳು. ಗೆರೆ ಕಾಡಿನಿಂದ ಹೊರಗೆ ಬರುತ್ತಿತ್ತು. ಕಾಡಿನ ಹೊರಗೆ ಆ ದಿಕ್ಕಿನಲ್ಲಿದ್ದದ್ದು ಒಂದೇ ಸರಳು, ವಾರಿಜಳ ಹಿತ್ತಿಲಿನ ಬೋಗಿ ಮರದ ಬುಡದ್ದು.

“ಊಟ ಎಲ್ಲಿಂದ ಬರತೈತಿ ಅಂತ ಹುಡುಕ್ಕೊಂಡು ಹೊಂಟೈತಿ. ಮನ್ಯಾಗ ಅಣಬಿ ಕೊಲ್ಲೂ ಮೈಲುತುತ್ತು ಐತಿಲ್ಲೋ? ನೀರಾಗ ಕದಡಿ ಅಡುಗಿಮನಿ ನೆಲಕ್ಕ, ಬೇರಿಗೆ ಹೊಯ್ಯಿ. ಇವತ್ತ ಹೊಯ್ಯಿ, ವಾರಿಜಾ. ಅದು ಮರದ ಬಾಗಿಲ ತಿಂತೈತಿ, ತೊಲಿ ತಿಂತೈತಿ, ಮಲಗಿದವರನ್ನೂ ಬಿಡೂದಿಲ್ಲ. ನಾ ಇಲ್ಲೆ ಕೇಳಕೋತ ಕೂಡತೀನಿ. ಸಪ್ಪಳ ನಿಂತ ಕೂಡ್ಲೇ ಫೋನ್ ಮಾಡತೀನಿ.”

ಮನೆಗೆ ಹೋದಾಗ ಸೂರ್ಯ ಇನ್ನೂ ಇಳಿದಿರಲಿಲ್ಲ. ಅಪ್ಪಿ ಅಡುಗೆಮನೆಯ ಅದೇ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಕೋಲು ಮಡಿಲಲ್ಲಿತ್ತು. ಗುಂಡಿಯೊಳಗಿನ ಆ ಕೂರುವಿಕೆ ವಾರಿಜಳ ಕಣ್ಣಿಗೆ ಕಟ್ಟಿತು.

“ಏಳಮ್ಮ.”

“ಏಳ್ತೇನೆ, ಎಂತ ಅವಸರ?” ಎಂದು ಅಪ್ಪಿ ಕೈಯೂರಿದಳು. ಸೀರೆ ಅವಳ ಜೊತೆ ಏಳಲಿಲ್ಲ. ಅಂಚು ನೆಲಕ್ಕೆ ಅಂಟಿಕೊಂಡಿತ್ತು. ವಾರಿಜ ಬಗ್ಗಿ ನೋಡಿದಳು. ನೆಲದ ಸೀಳಿನಿಂದ ಕೂದಲೆಳೆಯಷ್ಟು ಸಣ್ಣ ಬಿಳಿ ಎಳೆಗಳು ಮೇಲೆ ಬಂದು, ಅಂಚಿನ ನೂಲಿನೊಳಗೆ ನೂಲಾಗಿ ಹೆಣೆದುಕೊಂಡಿದ್ದವು. ಕೆಲವು ಅಮ್ಮನ ಹಿಮ್ಮಡಿಯ ಬಿರುಕಿನವರೆಗೂ ಬಂದಿದ್ದವು.

ವಾರಿಜ ಕತ್ತಿಯಿಂದ ಅಂಚನ್ನು ಕೊಯ್ದು, ಹಿಮ್ಮಡಿಯನ್ನು ಸೆರಗಿನಿಂದ ಒರೆಸಿ, ತಾಯಿಯನ್ನು ಎತ್ತಿ ಮಂಚದ ಮೇಲೆ ಕೂರಿಸಿದಳು. ಹಿತ್ತಿಲಿಗೆ ಹೋಗಿ ಮೈಲುತುತ್ತು ಕದಡಿ ಬಕೆಟ್ಟು ತಂದಳು. ನೀಲಿ ನೀರು ಅಂಚಿನವರೆಗೆ ತುಳುಕುತ್ತಿತ್ತು. ಅಷ್ಟು ಹೊತ್ತಿಗೆ ಬೋಗಿ ಮರದಿಂದಲೇ ಮಾಡಿದ ಅಡುಗೆಮನೆಯ ಹೊಸಿಲಿನೊಳಗಿನಿಂದ, ಮೆಲ್ಲಗೆ, ಟಕ್‌ಟಕ್‌ಟಕ್‌ಟಕ್.

“ಆ ಕುಟ್ಟು ನೀನು ಕಲಿಸಿದ್ದಲ್ಲವಾ? ಎಂತ ಅದರ ಅರ್ಥ?”

“ಬಂದೆ ಅಂತ” ಎಂದಳು ಅಪ್ಪಿ. “ಆ ದಿನ ನಾನು ಕುಟ್ಟಬೇಕಿದ್ದದ್ದು ಅದು. ಇರಲಿಲ್ಲ. ಈಗ ಮಾಡಿದೆ. ದಿನಾ ಹೋಗಿ ಬಂದೆ ಬಂದೆ ಅಂತ ಕುಟ್ಟಿ ಅನ್ನ ಇಟ್ಟೆ.”

“ಅಮ್ಮ, ಅದು ಅಕ್ಕ ಅಲ್ಲ. ಅದಕ್ಕೆ ಹಸಿವು, ಅಷ್ಟೇ.”

“ನನಗೆ ಅಷ್ಟೂ ಗೊತ್ತಾಗುದಿಲ್ಲವಾ?” ಅಪ್ಪಿಯ ಸ್ವರ ಮೊದಲ ಸಲ ಒಡೆಯಿತು. “ಅವಳನ್ನು ಉಂಡದ್ದು ಅದು. ನನ್ನ ಮಗುವನ್ನು ಉಂಡದ್ದು ಅಂತ ಗೊತ್ತುಂಟು ಮಾರಾಯ್ತಿ. ಆದ್ರೆ ಅವಳ ಕೈ ಅದರೊಳಗೆ ಉಂಟು. ಆ ಸೊಟ್ಟ ಕೈ. ಬೇರೆ ಎಲ್ಲಿ ಉಂಟು, ನೀನೇ ಹೇಳು? ಬೂದಿಯಲ್ಲಿ ಉಂಟಾ? ಫೋಟೋದಲ್ಲಿ ಉಂಟಾ? ಸುರಿ, ಸುರಿಯುದಾದ್ರೆ. ಮೊದಲು ಒಂದು ಸಲ ನೀನು ಕುಟ್ಟು. ಅವಳು ಹೋಗುವಾಗ ನೀನು ಊರಲ್ಲಿ ಇರಲಿಲ್ಲ. ನಿನ್ನದ್ದೊಂದು ಅವಳು ಕೇಳಲೇ ಇಲ್ಲ.”

ವಾರಿಜ ಬಕೆಟ್ಟು ಕೆಳಗಿಟ್ಟಳು. ಬೇಡವೆನ್ನುತ್ತಿತ್ತು ಬುದ್ಧಿ. ಕೈ ಕೋಲನ್ನು ಎತ್ತಿಕೊಂಡಾಗಿತ್ತು. ಹೊಸಿಲ ಮುಂದೆ ಮೊಣಕಾಲೂರಿ ಕುಟ್ಟಿದಳು: ಬಂದೆ.

ನೆಲ ಸುಮ್ಮನಾಯಿತು. ಒಲೆಯ ಮೇಲೆ ಅನ್ನ ಕುದಿಯುವುದು ಕೇಳಿಸುತ್ತಿತ್ತು. ಆಮೇಲೆ ಉತ್ತರ ಬಂತು. ಹೊಸ ಕುಟ್ಟಲ್ಲ. ಹಳೆಯದು. ಟಕ್‌ಟಕ್. ತಡೆದು, ಎಳೆದುಕೊಂಡು, ಟಕ್.

ಇದ್ದೇನೆ.

ವಾರಿಜ ಅತ್ತುಬಿಟ್ಟಳು. ಒಂಬತ್ತು ವರ್ಷದ್ದು ಒಟ್ಟಿಗೆ ಬಂತು. ಅತ್ತು ಮುಗಿದ ಮೇಲೆ ಮೂಗೊರೆಸಿಕೊಂಡು ಎದ್ದು, ಬಕೆಟ್ಟನ್ನು ಬಾಗಿಲ ಸಂದಿಗೆ ಸರಿಸಿದಳು. ಕೈಗೆಟಕುವ ಹಾಗೆಯೇ ಇಟ್ಟಳು.

“ಇವತ್ತಿನಿಂದ ನೀನು ಮಂಚ ಬಿಟ್ಟು ನೆಲಕ್ಕೆ ಕಾಲಿಡ್ಲಿಕ್ಕಿಲ್ಲ. ಹೋಗ್ಲಿಕ್ಕೆ ಬರ್ಲಿಕ್ಕೆ ಚಪ್ಪಲಿ ಹಾಕಬೇಕು. ಮಲಗುವುದು ನನ್ನೊಟ್ಟಿಗೆ. ಕೇಳಿತಾ?”

“ಕೇಳಿತು” ಎಂದಳು ಅಪ್ಪಿ, ಚಿಕ್ಕ ಹುಡುಗಿಯ ಹಾಗೆ.

ಹಿತ್ತಿಲಿನಿಂದ ಬಾಳೆಲೆ ಕೊಯ್ದು ತಂದು, ನೆಲದ ಸೀಳಿನ ಎದುರಿಗೆ ಹಾಸಿ, ಬಿಸಿ ಅನ್ನ ಹಾಕಿ, ಕುಸುಮಕ್ಕನಿಗೆ ಇಷ್ಟವಾಗಿದ್ದ ಕಲ್ಲಣಬೆಯ ಸಾರು ಬಿಟ್ಟಳು ವಾರಿಜ. ಆಮೇಲೆ ತಾಯಿಯ ಕೈಹಿಡಿದು ಹೊರಗೆ ಕರೆತಂದು, ಬಾಗಿಲು ಎಳೆದುಕೊಂಡು, ಇಬ್ಬರೂ ಜಗಲಿಯಲ್ಲಿ ಕೂತರು. ಒಳಗಿನ ಕುಟ್ಟು ನಿಂತಿತು.

ಮೊಬೈಲು ಹೊಡೆದುಕೊಂಡಿತು. ಸುವರ್ಣಾಳ ದನಿಯಲ್ಲಿ ಸಮಾಧಾನ ಉಕ್ಕುತ್ತಿತ್ತು.

“ಗಪ್ ಆತು ನೋಡು ವಾರಿಜಾ! ಪೂರಾ ಗಪ್! ಮೈಲುತುತ್ತು ಹೊಯ್ದೆಲ್ಲೋ?”

“ಇಲ್ಲ ಮೇಡಂ” ಎಂದಳು ವಾರಿಜ. “ಬಡಿಸಿದೆ.”